ಡಿಫ್ರಾಗ್ ಮಾಡೋ ಮುಂಚೆ ಡಿಸ್ಕ್ ಗಟ್ಟಿಯಾಗಿದೆಯಾ ನೋಡಿಕೊಳ್ಳಿ

ಲ್ಯಾಪ್‌ಟಾಪ್ ತುಂಬಾ ನಿಧಾನವಾಗಿತ್ತು. ಒಂದು ಫೋಲ್ಡರ್ ತೆರೆಯಲು ಅರ್ಧ ನಿಮಿಷ ಬೇಕಾಗುತ್ತಿತ್ತು. ಐದು ವರ್ಷದ ಹಳೇ ಹಾರ್ಡ್ ಡಿಸ್ಕ್, ಫೈಲುಗಳು ಚೂರುಚೂರಾಗಿ ಎಲ್ಲೆಲ್ಲೋ ಹರಡಿರಬೇಕು, ಡಿಫ್ರಾಗ್ ಮಾಡಿದರೆ, ಅಂದರೆ ಆ ಚೂರುಗಳನ್ನು ಒಟ್ಟಿಗೆ ಜೋಡಿಸಿದರೆ, ಸರಿಹೋಗುತ್ತದೆ ಅಂದುಕೊಂಡೆ. ಹುಡುಕಿ ಒಂದು ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡೆ. ಅದರ ಹೆಸರು ಹೇಳುವುದಿಲ್ಲ. ಬೇರೆ ಯಾವುದನ್ನು ಹಾಕಿದ್ದರೂ ಇದೇ ಆಗುತ್ತಿತ್ತು.

ಇಳಿಸಿಕೊಳ್ಳುವಾಗಲೇ ಒಂದು ತೊಂದರೆ ಆಯಿತು. ಆ ಪುಟದಲ್ಲಿ ಮೂರು ಡೌನ್‌ಲೋಡ್ ಬಟನ್ ಇದ್ದವು, ಅದರಲ್ಲಿ ಎರಡು ಜಾಹೀರಾತು. ಇನ್‌ಸ್ಟಾಲ್ ಮಾಡುವಾಗ ಸಣ್ಣ ಅಕ್ಷರದಲ್ಲಿ ಬೇರೆ ಏನೇನನ್ನೋ ಸೇರಿಸಲು ಮೊದಲೇ ಟಿಕ್ ಹಾಕಿಟ್ಟಿದ್ದರು. ನಾನು ನೋಡದೆ ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತುತ್ತಾ ಹೋದೆ. ಬ್ರೌಸರ್ ತೆರೆದರೆ ಯಾವುದೋ ಗೊತ್ತಿಲ್ಲದ ಪುಟ ಬರತೊಡಗಿತು. ಅದನ್ನೆಲ್ಲ ಕಿತ್ತುಹಾಕಲು ಒಂದು ಸಂಜೆ ಹೋಯಿತು. ಆಗಲೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ.

ರಾತ್ರಿ ಮಲಗುವ ಮುಂಚೆ ಡಿಫ್ರಾಗ್ ಶುರು ಮಾಡಿದೆ. ಪರದೆ ತುಂಬಾ ಪುಟ್ಟ ಪುಟ್ಟ ಚೌಕಗಳು. ಚೂರಾದ ಫೈಲು ಕೆಂಪು, ಒಟ್ಟಿಗಿರುವುದು ನೀಲಿ. ಶೇಕಡಾ 23ಕ್ಕೆ ಬಂದಾಗ ಒಂದು ಚೌಕ ಮಿನುಗುತ್ತಾ ಅಲ್ಲೇ ನಿಂತಿತು. ಒಳಗಿಂದ ಟಿಕ್, ಟಿಕ್ ಸದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟಿಕ್, ಟಿಕ್. ಕೆಲಸ ನಡೀತಾ ಇದೆ ಅಂತ ಮಲಗಿಬಿಟ್ಟೆ. ಬೆಳಗ್ಗೆ ನೋಡಿದರೂ 23. ಮೌಸ್ ಕೂಡ ಅಲುಗಾಡಲಿಲ್ಲ. ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಆಮೇಲೆ ವಿಂಡೋಸ್ ಮೇಲೇಳಲೇ ಇಲ್ಲ.

ರಿಪೇರಿ ಮಾಡುವವರು ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದರು. ಬ್ಯಾಡ್ ಸೆಕ್ಟರ್‌ಗಳು, ಅಂದರೆ ಡಿಸ್ಕಿನಲ್ಲಿ ಕೆಟ್ಟುಹೋದ ಜಾಗಗಳು, ನೂರಾರು. ನಿಧಾನವಾಗಿದ್ದಕ್ಕೆ ಕಾರಣ ಚೂರಾದ ಫೈಲುಗಳಲ್ಲ, ಡಿಸ್ಕೇ ಸಾಯುತ್ತಿತ್ತು. ಓದಲಾಗದ ಜಾಗವನ್ನು ಅದು ಮತ್ತೆ ಮತ್ತೆ ಓದಲು ಒದ್ದಾಡುತ್ತಿತ್ತು. ಡಿಫ್ರಾಗ್ ಅಂದರೆ ಪ್ರತಿ ಚೂರನ್ನೂ ಒಂದು ಕಡೆ ಓದಿ ಇನ್ನೊಂದು ಕಡೆ ಬರೆಯುವುದು, ಅದೂ ಗಂಟೆಗಟ್ಟಲೆ. ಜ್ವರ ಬಂದು ಮಲಗಿದವರ ತಲೆಯ ಮೇಲೆ ರಾತ್ರಿಯಿಡೀ ಮೂಟೆ ಹೊರಿಸಿದ ಹಾಗಾಯಿತು. ಡಿಸ್ಕ್ ಗಟ್ಟಿಯಾಗಿದ್ದರೆ ಡಿಫ್ರಾಗ್ ನಡುವೆ ನಿಂತರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನನ್ನದು ಗಟ್ಟಿಯಾಗಿರಲಿಲ್ಲ, ನಾನು ನೋಡಿರಲೂ ಇಲ್ಲ.

ಅವರು ಆದಷ್ಟು ಫೈಲು ತೆಗೆದುಕೊಟ್ಟರು. ಫೋಟೊಗಳ ಹೆಸರೆಲ್ಲ ಇವೆ. ತೆರೆದರೆ ಎಷ್ಟೋ ಫೋಟೊಗಳಲ್ಲಿ ಮೇಲರ್ಧ ಮಾತ್ರ ಇದೆ, ಕೆಳಗೆ ಬರೀ ಬೂದು ಬಣ್ಣ. ಒಂದರಲ್ಲಿ ಅಜ್ಜಿಯ ಮುಖ ಇದೆ, ಮಡಿಲಲ್ಲಿದ್ದ ಮಗು ಇಲ್ಲ. ಬೇರೆ ಕಾಪಿ ನನ್ನ ಹತ್ತಿರ ಇರಲಿಲ್ಲ.

ಇದನ್ನು ಬರೆಯುತ್ತಿರುವುದು ಯಾಕಂದ್ರೆ, ಆ ಸಾಫ್ಟ್‌ವೇರ್ ನನಗೆ ಬೇಕೇ ಇರಲಿಲ್ಲ. ವಿಸ್ಟಾ ಅನ್ನೋ ಹಳೇ ಆವೃತ್ತಿಯ ಕಾಲದಿಂದಲೂ ವಿಂಡೋಸ್ ಹಾರ್ಡ್ ಡಿಸ್ಕನ್ನು ತಾನಾಗಿಯೇ ಆಗಾಗ ಡಿಫ್ರಾಗ್ ಮಾಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಡಿಫ್ರಾಗ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಆಪ್ಟಿಮೈಸ್ ಡ್ರೈವ್ಸ್ ಬರುತ್ತದೆ. ಕಳೆದ ಸಲ ಯಾವಾಗ ಮಾಡಿದೆ, ನಿಮ್ಮದು ಹಾರ್ಡ್ ಡಿಸ್ಕಾ, ಚಿಪ್‌ಗಳಲ್ಲಿ ಫೈಲು ಇಡುವ ಎಸ್‌ಎಸ್‌ಡಿಯಾ ಅನ್ನುವುದೂ ಅಲ್ಲೇ ಕಾಣುತ್ತದೆ. ಹೊರಗಿನ ಉಚಿತ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಫೈಲು ಸರಿಸಲು ವಿಂಡೋಸ್‌ನಲ್ಲಿರುವ ಸೌಲಭ್ಯವನ್ನೇ ಬಳಸುತ್ತವೆ. ಹಾಗಿದ್ದ ಮೇಲೆ ಸುಮ್ನೆ ಇನ್ನೊಂದನ್ನು ಯಾಕೆ ತುಂಬಬೇಕು ಅಲ್ವಾ?

ಎಸ್‌ಎಸ್‌ಡಿ ಇದ್ದರಂತೂ ಈ ಡಿಫ್ರಾಗ್ ಸಾಫ್ಟ್‌ವೇರ್‌ಗಳನ್ನು ಮುಟ್ಟಲೇಬೇಡಿ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ಹೆಡ್ಡೂ ಇಲ್ಲ. ಫೈಲು ಚೂರಾಗಿದ್ದರೂ ವೇಗ ಅಷ್ಟೇನೂ ಕಡಿಮೆಯಾಗುವುದಿಲ್ಲ. ಬರೆದಷ್ಟೂ ಅದು ಸವೆಯುತ್ತದೆ. ಅದಕ್ಕೆ ಬೇಕಾದ ಟ್ರಿಮ್ ಕೆಲಸವನ್ನು, ಅಂದರೆ ಅಳಿಸಿದ ಫೈಲುಗಳ ಜಾಗ ಖಾಲಿ ಅಂತ ಅದಕ್ಕೆ ತಿಳಿಸುವುದನ್ನು, ವಿಂಡೋಸೇ ನೋಡಿಕೊಳ್ಳುತ್ತದೆ.

ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಧಾನವಾದರೆ ಮೊದಲು ಡಿಸ್ಕಿನ ಸ್ಮಾರ್ಟ್ ಮಾಹಿತಿ ನೋಡಿ. ಅದು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅದನ್ನು ಉಚಿತವಾಗಿ ತೋರಿಸುತ್ತದೆ, ಅದರದ್ದೇ ಪುಟದಿಂದ ಇಳಿಸಿಕೊಳ್ಳಿ. ಕಾಷನ್ ಅಥವಾ ಬ್ಯಾಡ್ ಅಂತ ಬಂದರೆ ಡಿಫ್ರಾಗ್ ಬೇಡ, ಡಿಸ್ಕಿನ ದೋಷ ಹುಡುಕುವ ವಿಂಡೋಸ್‌ನ ಚೆಕ್‌ಡಿಸ್ಕೂ ಬೇಡ. ಗುಡ್ ಅಂತ ಬಂದರೂ ಪೂರ್ತಿ ನಂಬಬೇಡಿ. ಟಿಕ್ ಟಿಕ್ ಸದ್ದು ಕೇಳಿಸುತ್ತಿದ್ದರೆ ಆ ಡಿಸ್ಕಿನಿಂದ ಬೇರೆ ಯಾವ ಕೆಲಸವನ್ನೂ ಮಾಡಿಸಬೇಡಿ. ಫೋಟೊ, ಕಾಗದಪತ್ರ, ಮತ್ತೆ ಸಿಗದಂಥದ್ದನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಸಿನಿಮಾ, ಹಾಡು ಆಮೇಲೆ.