ಬಿನ್‌ಕೋಡ್‌ನಲ್ಲಿ ವರ್ಷದ ಲೆಕ್ಕ ಉಳಿಸಿಡುವ ಮುನ್ನ ಇದನ್ನು ಓದಿ

ಕಲಬುರಗಿಯ ನೆಹರು ಗಂಜ್‌ನಲ್ಲಿರುವ ಒಂದು ಅಡತಿ ಅಂಗಡಿಗೆ ತೊಗರಿ ತೂಕದ ಲೆಕ್ಕವಿಡುವ ತಂತ್ರಾಂಶವನ್ನು ನಾನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದೆ. ಲೆಕ್ಕವನ್ನು ಫೈಲಿಗೆ ಇಳಿಸಲು ಅದರಲ್ಲಿ ಬಿನ್‌ಕೋಡ್ ಎಂಬ ಸಿದ್ಧ ಲೈಬ್ರರಿಯನ್ನು ಬಳಸಿದ್ದೆ. ಹಂಗಾಮಿನ ನಡುವೆ ಒಂದು ಬೆಳಿಗ್ಗೆ ಅಂಗಡಿಯ ಗುಮಾಸ್ತರು ಫೋನ್ ಮಾಡಿ, "ಸರ, ನಲವತ್ತು ಕೆಜಿ ತೊಗರಿಗಿ ಎರಡು ಸಾವಿರ ಚೀಲ ಹ್ಯಾಂಗ್ ಆಗ್ತಾವ್ರಿ?" ಎಂದು ಕೇಳಿದರು. ಹಿಂದಿನ ದಿನ ಅದೇ ಲಾಟು 40 ಚೀಲ, 2,000 ಕೆಜಿ ಎಂದು ಸರಿಯಾಗಿಯೇ ಕಂಡಿತ್ತು. ತಂತ್ರಾಂಶ ನಿಂತಿರಲಿಲ್ಲ, ದೋಷದ ಸಂದೇಶವೊಂದೂ ಬಂದಿರಲಿಲ್ಲ. ದತ್ತಾಂಶವನ್ನು ಫೈಲಿಗೆ ಇಳಿಸಲು ಲೈಬ್ರರಿ ಹುಡುಕುತ್ತಿರುವವರಿಗೆ ಈ ಗತಿ ಬರಬಾರದೆಂದು ಬರೆಯುತ್ತಿದ್ದೇನೆ.

ಆಯ್ಕೆಯ ಹೊತ್ತಿನಲ್ಲಿ ನಾನು ವೇಗ ಮತ್ತು ಗಾತ್ರಗಳನ್ನಷ್ಟೇ ಹೋಲಿಸಿದ್ದೆ. ದತ್ತಾಂಶವನ್ನು ಬೇರೆ ಬೇರೆ ರೂಪಗಳಿಗೆ ಇಳಿಸುವ ರಸ್ಟ್‌ನ ಸರ್ಡಿ ಚೌಕಟ್ಟನ್ನು ಬಳಸಿದರೆ ಒಂದೇ ಸ್ಟ್ರಕ್ಟ್ (ಒಂದು ದಾಖಲೆಯ ಫೀಲ್ಡ್‌ಗಳನ್ನು, ಅಂದರೆ ಕಲಮುಗಳನ್ನು, ಸಾಲಾಗಿ ಹೇಳುವ ನಮೂನೆ) ಜೇಸನ್ ಎಂಬ ಪಠ್ಯರೂಪವಾಗಿಯೂ ಬಿನ್‌ಕೋಡ್ ಆಗಿಯೂ ಹೊರಬರುತ್ತದೆ. ಆ ಸಲೀಸಿನಿಂದಲೇ ಎರಡರ ನಡತೆಯೂ ಒಂದೇ ಎಂದು ನಂಬಿಬಿಟ್ಟೆ. ಜೇಸನ್ ಪ್ರತಿ ಮೌಲ್ಯದ ಜೊತೆಗೆ ಫೀಲ್ಡ್‌ನ ಹೆಸರನ್ನೂ ಬರೆಯುತ್ತದೆ. ಬಿನ್‌ಕೋಡ್ ಹೆಸರನ್ನು ಬರೆಯುವುದೇ ಇಲ್ಲ, ಸ್ಟ್ರಕ್ಟ್‌ನಲ್ಲಿರುವ ಅನುಕ್ರಮದಲ್ಲಿ ಬೈಟುಗಳನ್ನು ಒಂದರ ಹಿಂದೊಂದು ಇಡುತ್ತದೆ. ಚೀಲದ ಎಣಿಕೆಗೆ 4 ಬೈಟ್, ತೂಕಕ್ಕೆ 4 ಬೈಟ್. ಯಾವುದು ಯಾವುದೆಂದು ಹೇಳುವ ಗುರುತು ಫೈಲಿನಲ್ಲಿ ಎಲ್ಲಿಯೂ ಇರುವುದಿಲ್ಲ.

ನಾನು ಮಾಡಿದ್ದು ಇಷ್ಟೇ: ರಸೀದಿಯ ಕ್ರಮಕ್ಕೆ ಹೊಂದಲೆಂದು ಸ್ಟ್ರಕ್ಟ್‌ನಲ್ಲಿ ತೂಕದ ಸಾಲನ್ನು ಚೀಲದ ಸಾಲಿಗಿಂತ ಮೇಲಕ್ಕೆ ತಂದೆ, ಹಾಗೆಯೇ ಹಮಾಲಿ ಮತ್ತು ತೂಕದ ಕೂಲಿಯ ಸಾಲುಗಳನ್ನೂ ಅದಲುಬದಲು ಮಾಡಿದೆ. ರಸ್ಟ್‌ನಲ್ಲಿ ಫೀಲ್ಡ್‌ಗಳನ್ನು ಹೆಸರಿನಿಂದ ಬಳಸುವುದರಿಂದ ಸಾಲು ಹಿಂದುಮುಂದಾದರೆ ಕೋಡ್ ಕೆಡುವುದಿಲ್ಲ, ಆದ್ದರಿಂದ ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಚಕಾರವೆತ್ತಲಿಲ್ಲ. ನನ್ನ ಪರೀಕ್ಷೆಗಳೂ ಪಾಸಾದವು, ಏಕೆಂದರೆ ಅವು ಹೊಸ ಸ್ಟ್ರಕ್ಟ್‌ನಿಂದ ಬರೆದು ಹೊಸ ಸ್ಟ್ರಕ್ಟ್‌ನಿಂದಲೇ ಓದುತ್ತಿದ್ದವು. ಕಳೆದ ವಾರ ಬರೆದ ಫೈಲನ್ನು ಇಂದಿನ ಸ್ಟ್ರಕ್ಟ್‌ನಿಂದ ಓದುವ ಪರೀಕ್ಷೆ ಒಂದೂ ಇರಲಿಲ್ಲ, ಮತ್ತು ಲೈಬ್ರರಿ ಆರಿಸುವ ಮೊದಲ ದಿನವೇ ನಾನು ಮಾಡಬೇಕಾಗಿದ್ದ ಪರೀಕ್ಷೆ ಅದೊಂದೇ.

ಹೊಸ ಫೀಲ್ಡನ್ನು ಕೊನೆಯಲ್ಲಿ ಸೇರಿಸಿದರೆ ಸಾಕೆಂದು ಭಾವಿಸಬೇಡಿ. ಫೀಲ್ಡ್ ಕಾಣದಿದ್ದಾಗ ಪೂರ್ವನಿಗದಿತ ಮೌಲ್ಯ ತುಂಬುವ ಸರ್ಡಿಯ ಡಿಫಾಲ್ಟ್ ಸೂಚನೆ ಜೇಸನ್‌ನಲ್ಲಿ ಕೆಲಸ ಮಾಡುತ್ತದೆ. ಬಿನ್‌ಕೋಡ್‌ನಲ್ಲಿ ಫೀಲ್ಡ್ ಇಲ್ಲವೆಂಬುದೇ ತಿಳಿಯದ ಕಾರಣ ಅದು ಮುಂದಿನ ಬೈಟುಗಳನ್ನು ಓದಲು ಹೋಗುತ್ತದೆ. ದಾಖಲೆ ಒಂಟಿಯಾಗಿದ್ದರೆ ಅಲ್ಲಿಯೇ ದೋಷ ಬರುತ್ತದೆ, ಸಾಲಾಗಿದ್ದರೆ ಪಕ್ಕದ ದಾಖಲೆಯ ಬೈಟುಗಳನ್ನೇ ತನ್ನವೆಂದು ತೆಗೆದುಕೊಳ್ಳುತ್ತದೆ. ಲೈಬ್ರರಿಯ ಆವೃತ್ತಿ ಬದಲಿಸುವಾಗಲೂ ಎಚ್ಚರ ಬೇಕು. 1ನೇ ಆವೃತ್ತಿಯ ಸಾಮಾನ್ಯ ಫಂಕ್ಷನ್‌ಗಳು ಪೂರ್ಣಾಂಕಗಳನ್ನು ನಿಗದಿತ ಅಗಲದಲ್ಲಿ ಬರೆದರೆ, 2ನೇ ಆವೃತ್ತಿಯ ಸ್ಟ್ಯಾಂಡರ್ಡ್ ಸಂರಚನೆ ಮೌಲ್ಯಕ್ಕೆ ತಕ್ಕಂತೆ ಅಗಲವನ್ನು ಬದಲಿಸುತ್ತದೆ. ಹಳೆಯ ಫೈಲಿಗೆ, 1ನೇ ಆವೃತ್ತಿಯ ರೂಪವನ್ನೇ ಉಳಿಸುವ ಲೆಗಸಿ ಸಂರಚನೆಯನ್ನೇ ಕೊಡಬೇಕು.

ಇದು ಬಿನ್‌ಕೋಡ್‌ನ ತಪ್ಪಲ್ಲ. ಒಂದೇ ಬಿಲ್ಡ್‌ನ, ಅಂದರೆ ಒಂದೇ ಸಲ ಕಂಪೈಲ್ ಮಾಡಿದ ಕೋಡ್‌ನ, ಎರಡು ಪ್ರೊಸೆಸ್‌ಗಳ ನಡುವಿನ ಸಂದೇಶಕ್ಕೆ ನಾನು ಇಂದಿಗೂ ಅದನ್ನೇ ಬಳಸುತ್ತೇನೆ. ಪೋಸ್ಟ್‌ಕಾರ್ಡ್ ಎಂಬ ಇನ್ನೊಂದು ರಸ್ಟ್ ಲೈಬ್ರರಿಯೂ ಫೀಲ್ಡ್‌ನ ಹೆಸರನ್ನು ಬರೆಯುವುದಿಲ್ಲವಾದ್ದರಿಂದ ಅಲ್ಲಿಯೂ ಇದೇ ಅಪಾಯವಿದೆ. ವರ್ಷಗಟ್ಟಲೆ ಉಳಿಯಬೇಕಾದ ಲೆಕ್ಕಕ್ಕೆ, ಗೂಗಲ್ 2008ರಲ್ಲಿ ಮುಕ್ತಗೊಳಿಸಿದ ಪ್ರೊಟೊಬಫ್ ಪದ್ಧತಿಯೇ ಮೇಲೆಂಬುದು ನನ್ನ ಅಭಿಪ್ರಾಯ. ಅದರಲ್ಲಿ ಪ್ರತಿ ಫೀಲ್ಡಿಗೂ ಒಂದು ಸಂಖ್ಯೆ ಇರುತ್ತದೆ. ಸಾಲು ಎಲ್ಲಿದ್ದರೂ ಸಂಖ್ಯೆ ಬದಲಾಗದಿದ್ದರೆ ಸಾಕು, ಮತ್ತು ತೆಗೆದುಹಾಕಿದ ಫೀಲ್ಡಿನ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಲೇಬಾರದು. ರಸ್ಟ್‌ನಲ್ಲಿ ಇದಕ್ಕಾಗಿ ಬಳಸುವ ಪ್ರೋಸ್ಟ್ ಲೈಬ್ರರಿ ತನಗೆ ಗೊತ್ತಿಲ್ಲದ ಫೀಲ್ಡುಗಳನ್ನು ಉಳಿಸಿಕೊಳ್ಳುವುದಿಲ್ಲವಾದ್ದರಿಂದ, ಹಳೆಯ ತಂತ್ರಾಂಶ ಹೊಸ ದಾಖಲೆಯನ್ನು ಓದಿ ಮರಳಿ ಬರೆದರೆ ಹೊಸ ಮಾಹಿತಿ ಅಳಿಸಿಹೋಗುತ್ತದೆ.

ಇನ್ನು ಗಾತ್ರದ ಮಾತು. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ "ಕಲಬುರಗಿ" ಎಂಬ ಪದಕ್ಕೆ 21 ಬೈಟ್ ಬೇಕು. ಬಿನ್‌ಕೋಡ್‌ನ ನಿಗದಿತ ಅಗಲದ ರೂಪದಲ್ಲಿ ಉದ್ದವನ್ನು ಹೇಳಲು ಇನ್ನೂ 8 ಬೈಟ್ ಸೇರಿ 29 ಆಗುತ್ತದೆ. ಜೇಸನ್‌ನಲ್ಲಿ ಉದ್ಧರಣ ಚಿಹ್ನೆಗಳೂ ಸೇರಿ 23. ಫೀಲ್ಡಿನ ಹೆಸರಿಗೆ ಕೆಲವು ಬೈಟ್ ಕೂಡಿಸಿದರೂ, ರೈತರ ಮತ್ತು ಊರಿನ ಹೆಸರುಗಳೇ ತುಂಬಿರುವ ದಾಖಲೆಯಲ್ಲಿ ನಾನು ಎಣಿಸಿದ್ದ ಉಳಿತಾಯ ಆಗುವಂತೆಯೇ ಇರಲಿಲ್ಲ.

ಕೆಟ್ಟ ಫೈಲಿನಲ್ಲಿ ಹಳೆಯ ದಾಖಲೆಗಳೂ ಹೊಸ ಕ್ರಮದ ದಾಖಲೆಗಳೂ ಬೆರೆತುಹೋಗಿದ್ದವು, ಆವೃತ್ತಿಯ ಸಂಖ್ಯೆಯನ್ನು ನಾನು ಬರೆದಿರಲಿಲ್ಲ. ಚೀಲದ ಎಣಿಕೆ ಕೆಜಿಗಿಂತ ಕಡಿಮೆಯೇ ಇರಬೇಕಾದ್ದರಿಂದ ಆ ಎರಡನ್ನು ಸರಿಪಡಿಸುವುದು ಸುಲಭವಾಯಿತು. ಹಮಾಲಿಗೂ ತೂಕದ ಕೂಲಿಗೂ ಅಂಥ ನಿಯಮವೇನೂ ಇಲ್ಲ. ಗುಮಾಸ್ತರೂ ನಾನೂ ಮೂರು ದಿನ ಕುಳಿತು ಕಾರ್ಬನ್ ರಸೀದಿಗಳನ್ನು ಒಂದೊಂದಾಗಿ ಪರದೆಯೊಡನೆ ತಾಳೆ ನೋಡಿದೆವು. ರಸೀದಿ ಸಿಗದ ಎರಡು ಲಾಟುಗಳ ಮುಂದೆ "ಖಚಿತವಿಲ್ಲ" ಎಂದು ಬರೆದಿದ್ದು ಇನ್ನೂ ಹಾಗೆಯೇ ಇದೆ.