ವಿಗ್ರಹ ಎತ್ತುವ ಹಸಿರು ಬೆಲ್ಟು: ಎರಡು ಟನ್, ಮೂರು ಮೀಟರ್

ಬೆಲ್ಟು ಚೆನ್ನಾಗಿದೆ, ಕಲ್ಲಿನ ಕೆಲಸದವರು ಧೈರ್ಯವಾಗಿ ತಗೊಳ್ಳಬಹುದು. ಆದರೆ ಅದರ ಜೊತೆಗೆ ಮೂಲೆಗೆ ಹಾಕುವ ಸ್ಲೀವ್ (ಬೆಲ್ಟಿಗೆ ತೊಡಿಸುವ ದಪ್ಪ ಕವಚ) ತಗೊಳ್ಳುವುದಿಲ್ಲ ಅಂದರೆ ಬೆಲ್ಟೂ ಬೇಡ, ಸ್ಟೀಲ್ ರೋಪಿನಲ್ಲೇ ಇದ್ದುಬಿಡಿ.

ನಮ್ಮದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪದ ಶೆಡ್ಡು. ಲಾರಿಯಿಂದ ಕಲ್ಲು ಇಳಿಸುವುದು, ಕೆತ್ತುವಾಗ ಮಗ್ಗುಲು ತಿರುಗಿಸುವುದು, ಮುಗಿದ ಮೇಲೆ ಮತ್ತೆ ಲಾರಿಗೆ ಏರಿಸುವುದು, ಎಲ್ಲಕ್ಕೂ ಸ್ಟೀಲ್ ರೋಪೇ ಗತಿಯಾಗಿತ್ತು. ಪಾಲಿಶ್ ಆದ ಕೃಷ್ಣಶಿಲೆಯ ಮೇಲೆ ರೋಪು ಬೆರಳಷ್ಟು ಜಾರಿದರೂ ಬಿಳಿ ಗೆರೆ ಬೀಳುತ್ತದೆ. ಗೋಣಿಚೀಲ ಸುತ್ತಿ, ಮರದ ತುಂಡು ಕೊಟ್ಟು ಎಷ್ಟು ಕಾಪಾಡಿದರೂ ಕೊನೆಗೆ ಒಬ್ಬ ಹುಡುಗ ಅರ್ಧ ದಿನ ಕೂತು ಆ ಗೆರೆ ಉಜ್ಜಬೇಕು. ಬೆಲ್ಟು ಬಂದ ಮೇಲೆ ಆ ಕಾಟ ಇಲ್ಲ. ಕೈಗೆ ತಂತಿ ಚುಚ್ಚುವುದೂ ತಪ್ಪಿದೆ.

ಮಾಲು ಪಾಲಿಯೆಸ್ಟರಿನದು, ಎರಡು ಪದರ, 60 ಮಿಲಿಮೀಟರ್ ಅಗಲ, ಎರಡೂ ತುದಿಯಲ್ಲಿ ಕೊಕ್ಕೆಗೆ ಸಿಕ್ಕಿಸಲು ಬಳೆಯಂತೆ ಮಡಿಸಿ ಹೊಲಿದ ಕಣ್ಣು. ಎಷ್ಟು ತೂಕ ಎತ್ತಬಹುದು ಅನ್ನುವುದು ಬಣ್ಣದಲ್ಲೇ ತಿಳಿಯುತ್ತದೆ: ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5. ಬಟ್ಟೆಯಲ್ಲೇ ನೇಯ್ದ ಕಪ್ಪು ಗೆರೆ ಟನ್ನಿಗೊಂದರಂತೆ, ನಮ್ಮದರಲ್ಲಿ ಎರಡು. ಆದರೆ ಬಣ್ಣ ನೋಡಿ ಮೋಸ ಹೋಗಬೇಡಿ. ಇದಕ್ಕೂ ಮೊದಲು ಒಂದು ಅಂಗಡಿಯಿಂದ ಬಂದ ಹಸಿರು ಬೆಲ್ಟಿನಲ್ಲಿ ಲೇಬಲ್ಲೇ ಇರಲಿಲ್ಲ. ತಯಾರಿಸಿದವರು ಯಾರು, ಎಷ್ಟು ತೂಕ, ಯಾವ ನಂಬರು, ಒಂದೂ ಇಲ್ಲ. ಬಿಲ್ಲಿನಲ್ಲಿ ಮಾತ್ರ ‘2 ಟನ್’ ಅಂತ ಬರೆದಿದ್ದರು. ಅದನ್ನು ತಿರುಗಿ ಕೊಟ್ಟು ಬಂದೆ. ಇದರಲ್ಲಿ ನೀಲಿ ಲೇಬಲ್ ಇದೆ, ಸೀರಿಯಲ್ ನಂಬರ್ ಇದೆ, ಅದೇ ನಂಬರಿನ ಟೆಸ್ಟ್ ಸರ್ಟಿಫಿಕೇಟೂ ಜೊತೆಗೆ ಬಂತು. ಬೆಲೆ ಸಾವಿರದ ಆಸುಪಾಸು.

ಲೇಬಲ್ಲಿನ ಮೇಲಿನ ಚಿತ್ರಗಳನ್ನು ನಮ್ಮ ಹುಡುಗರಿಗೆ ಕೂರಿಸಿ ವಿವರಿಸಬೇಕಾಯಿತು, ಯಾಕೆಂದರೆ ಬರಹವೆಲ್ಲ ಇಂಗ್ಲಿಷಿನಲ್ಲಿದೆ. ಎರಡು ಟನ್ ಅನ್ನುವುದು ಬೆಲ್ಟನ್ನು ನೇರವಾಗಿ ತೂಗುಹಾಕಿದಾಗಿನ ಲೆಕ್ಕ. ಕಲ್ಲಿಗೆ ಕುಣಿಕೆ ಬಿಗಿದು ಎತ್ತಿದರೆ ಅದು 1.6 ಟನ್ನಿಗೆ ಇಳಿಯುತ್ತದೆ. ಕೆಳಗಿನಿಂದ ತೊಟ್ಟಿಲಂತೆ ತಂದು ಎರಡೂ ಕಣ್ಣು ಮೇಲೆ ಕೊಕ್ಕೆಗೆ ಹಾಕಿ, ಎರಡು ಕಾಲೂ (ಕಲ್ಲಿನ ಎರಡು ಪಕ್ಕದಲ್ಲಿ ಮೇಲೇರುವ ಬೆಲ್ಟಿನ ಭಾಗ) ನೇರ ನಿಂತರೆ 4 ಟನ್. ಈಗ ನಮ್ಮ ಲೆಕ್ಕ ಹಾಕೋಣ. ಗ್ರಾನೈಟು ಘನ ಅಡಿಗೆ 75 ಕಿಲೋಗೆ ಕಡಿಮೆ ಇಲ್ಲ. ಆರಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ದಪ್ಪದ ದಿಮ್ಮಿ ಅಂದರೆ 27 ಘನ ಅಡಿ, ಎರಡು ಟನ್ ದಾಟಿತು. ಬೆಲ್ಟಿನ ಮೇಲೆ ‘2 ಟನ್’ ನೋಡಿ ಅದೇ ದಿಮ್ಮಿಗೆ ಕುಣಿಕೆ ಹಾಕುವವರು ಇಲ್ಲಿ ಬೇಕಾದಷ್ಟು ಜನ. ಕೇಳಿದರೆ, ‘ಅಣ್ಣ, ಬರೆದಿರೋ ತೂಕದ ಏಳು ಪಟ್ಟು ತಡೆಯುತ್ತೆ’ ಅನ್ನುತ್ತಾರೆ. ಏಳು ಪಟ್ಟು ನಿಜ. ಅದು ಹೊಸ ಬೆಲ್ಟಿಗೆ, ಗಾಯವಿಲ್ಲದ ಬೆಲ್ಟಿಗೆ, ನೇರ ಎಳೆತಕ್ಕೆ. ಗರಗಸದಿಂದ ಕುಯ್ದು ಬಂದ ಕಲ್ಲಿನ ಅಂಚು ಆ ಏಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಅದಕ್ಕೇ ಸ್ಲೀವ್ ಅಂದೆ. ಕಲ್ಲಿನ ಮೂಲೆಯ ದುಂಡು ಬೆಲ್ಟಿನ ದಪ್ಪಕ್ಕಿಂತ ಕಡಿಮೆ ಇದ್ದರೆ ಅದು ಚೂಪು ಮೂಲೆ ಅಂತಲೇ ಲೆಕ್ಕ. ಭಾರ ಬಿದ್ದು ಬಿಗಿಯಾದ ಬೆಲ್ಟು ಅಂಥ ಮೂಲೆಯ ಮೇಲೆ ಸ್ವಲ್ಪ ಜಾರಿದರೆ ಸಾಕು, ಕತ್ತರಿಸಿಕೊಂಡು ಹೋಗುತ್ತದೆ. ಗೋಣಿಚೀಲ ಪಾಲಿಶ್ ಕಾಪಾಡುತ್ತದೆ, ಬೆಲ್ಟನ್ನಲ್ಲ. ಈ ಕಂಪನಿಯ ಸ್ಲೀವ್ ದಪ್ಪ ಪಾಲಿಯುರಿಥೇನಿನದು, ಬೆಲ್ಟಿನ ಮೇಲೆ ಜಾರಿಸಿ ಮೂಲೆಗೆ ತಂದು ನಿಲ್ಲಿಸಬಹುದು. ಬೇರೆಯಾಗಿ ದುಡ್ಡು ಕೊಡಬೇಕು. ಸೆಟ್ಟಿನಲ್ಲೇ ಕೊಡದಿರುವುದಕ್ಕೆ ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ.

ಬೆಲ್ಟಿನ ನಿಜವಾದ ತಾಪತ್ರಯ ಗೊತ್ತಾಗುವುದು ಪ್ರತಿಷ್ಠೆಗೆ ಹೋದಾಗ. ಹೈಡ್ರಾ ಕ್ರೇನ್ ನಿಲ್ಲಿಸಿ ವಿಗ್ರಹ ಎತ್ತಿದರೆ ಊರಿನವರೆಲ್ಲ ಕೈ ಕೊಡಲು ಬರುತ್ತಾರೆ, ದೇವರಲ್ಲವೇ! ಅವರನ್ನು ದೂರ ನಿಲ್ಲಿಸುವುದಕ್ಕೇ ಒಬ್ಬ ಬೇಕು. ವಿಗ್ರಹ ತಿರುಗದ ಹಾಗೆ ಹಿಡಿಯುವುದು ಉದ್ದದ ಹಗ್ಗದಿಂದ, ಕೈಯಿಂದಲ್ಲ. ಗೇಣುದ್ದ ಎತ್ತಿ ನಿಲ್ಲಿಸಿ, ಎಲ್ಲಿ ವಾಲುತ್ತಿದೆ ನೋಡಿ, ಬೇಕಿದ್ದರೆ ಇಳಿಸಿ ಮತ್ತೆ ಕಟ್ಟಬೇಕು. ಬೆಲ್ಟು ಪ್ರಭಾವಳಿಯ ಮೇಲಾಗಲಿ ತೋಳಿನ ಮೇಲಾಗಲಿ ಬರಕೂಡದು. ಭಾರವೆಲ್ಲ ಹೊರುವುದು ಕೆಳಗಿನ ಪೀಠ, ಅಲ್ಲಿಂದಲೇ ಎತ್ತಬೇಕು. ಆಗ ಮೇಲುಭಾಗ ವಾಲದಂತೆ ಎದೆಮಟ್ಟದಲ್ಲಿ ಇನ್ನೊಂದು ಬೆಲ್ಟು ಕಟ್ಟಿಕೊಳ್ಳುತ್ತೇವೆ.

ಕೂರಿಸಿದ ಮೇಲೆ ಬೆಲ್ಟು ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಡ್ರೈವರ್‌ಗೆ ಅವಸರ, ಹೈಡ್ರಾದಿಂದಲೇ ಎಳೆದುಬಿಡೋಣ ಅನ್ನುತ್ತಾನೆ. ಬೆಲ್ಟು ಹರಿಯುವುದು ಇರಲಿ, ವಿಗ್ರಹವೇ ಮಗುಚುತ್ತದೆ. ನಾವು ಮೊದಲೇ ಗಟ್ಟಿಮರದ ಪಟ್ಟಿಗಳ ಮೇಲೆ ಇಳಿಸಿ, ಬೆಲ್ಟನ್ನು ಕೈಯಲ್ಲೇ ಈಚೆ ತೆಗೆದು, ಆಮೇಲೆ ಹಾರೆ ಕೊಟ್ಟು ಪಟ್ಟಿ ಬಿಡಿಸುತ್ತೇವೆ. ಹಸಿ ಕಾಂಕ್ರೀಟಿನ ಮೇಲೆ ಬೆಲ್ಟು ಬಿಸಾಡಬಾರದು: ಪಾಲಿಯೆಸ್ಟರ್ ಆಮ್ಲವನ್ನು ಸಾಕಷ್ಟು ತಡೆದರೂ ಸಿಮೆಂಟಿನ ಕ್ಷಾರಕ್ಕೆ ಸೋಲುತ್ತದೆ.

ಶೆಡ್ಡಿನಲ್ಲಿ ಇದರ ದೊಡ್ಡ ಶತ್ರು ಕಲ್ಲಿನ ಪುಡಿ. ನೇಯ್ಗೆಯೊಳಗೆ ಸೇರಿ ದಾರವನ್ನು ಒಳಗಿಂದೊಳಗೇ ಸವೆಸುತ್ತದೆ. ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇವೆ; ಬಿಸಿಲಿಗೂ ಇದು ಸೊರಗುತ್ತದೆ. ಬಳಸುವ ಮುಂಚೆ ಎರಡೂ ಕಣ್ಣು, ಹೊಲಿಗೆ, ಅಂಚು ಸವರಿ ನೋಡುತ್ತೇವೆ. ಅಂಚಿನಲ್ಲಿ ಕತ್ತರಿಸಿದ ಗಾಯ ಕಂಡರೆ, ಹೊಲಿಗೆ ಬಿಟ್ಟರೆ, ಲೇಬಲ್ ಓದಲು ಬಾರದಿದ್ದರೆ ಅದು ಎರಡು ತುಂಡು. ತುಂಡು ಮಾಡದೆ ಮೂಲೆಗೆ ಎಸೆದರೆ ಯಾರೋ ಮತ್ತೆ ಎತ್ತಿಕೊಂಡು ಬರುತ್ತಾರೆ. ಗಂಟು ಹಾಕಿ ಉದ್ದ ಸರಿಮಾಡುವುದಂತೂ ನಮ್ಮಲ್ಲಿ ನಿಷಿದ್ಧ.

ಲೇಬಲ್ಲಿನ ಅಕ್ಷರ ಬೇಗ ಮಾಸುತ್ತದೆ, ಅದು ಇನ್ನೊಂದು ಕೊರತೆ. ಒಟ್ಟು ಐದಕ್ಕೆ ನಾಲ್ಕು ಕೊಡುತ್ತೇನೆ.

ಕೊಳ್ಳುವವರು 3 ಮೀಟರಿನ ಬದಲು 4 ಮೀಟರ್ ನೋಡಿ. ಗಿಡ್ಡ ಬೆಲ್ಟು ಅಗಲವಾದ ಕಲ್ಲಿಗೆ ಕಾಲು ಚಾಚಿ ನಿಲ್ಲುತ್ತದೆ. ಒಂದು ಟನ್ ಕಲ್ಲನ್ನು ಎರಡು ಕಾಲಿನಲ್ಲಿ ಎತ್ತುವಾಗ ಕಾಲು ನೆಲಮಟ್ಟಕ್ಕೆ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ ಸುಮಾರು 580 ಕಿಲೋ ಬೀಳುತ್ತದೆ, 45 ಡಿಗ್ರಿಗೆ 700 ದಾಟುತ್ತದೆ, 30 ಡಿಗ್ರಿಗೆ ಇಳಿದರೆ ಒಂದೊಂದು ಕಾಲಿಗೂ ಪೂರ್ತಿ ಒಂದು ಟನ್. ಒಂದು ಮೀಟರ್ ಹೆಚ್ಚಿಗೆ ನನಗೆ ಹೇಳಿದ್ದು ಇನ್ನೂರು ಚಿಲ್ಲರೆ ರೂಪಾಯಿ.