ಬೆಂಬಲ ನಿಂತುಹೋದ ಲ್ಯಾಪ್‌ಟಾಪ್‌ನಲ್ಲಿ ಆರು ವರ್ಷ ಲಿನಕ್ಸ್ ಮಿಂಟ್: ಬಳಕೆದಾರರ ವಿಮರ್ಶೆ

ನನ್ನ ಲ್ಯಾಪ್‌ಟಾಪ್ 2012ರಲ್ಲಿ ಕೊಂಡದ್ದು. ಇಂಟೆಲ್‌ನ ಮೂರನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, ವಿಂಡೋಸ್ 7. ಮೈಕ್ರೋಸಾಫ್ಟ್ 2020ರ ಜನವರಿ 14ರಂದು ವಿಂಡೋಸ್ 7ಕ್ಕೆ ಬೆಂಬಲವನ್ನು, ಅಂದರೆ ಭದ್ರತಾ ಅಪ್‌ಡೇಟ್ ಕೊಡುವುದನ್ನು, ನಿಲ್ಲಿಸಿದಾಗ ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಕೀಲಿಮಣೆ, ಪರದೆ, ಡಿಸ್ಕ್ ಎಲ್ಲವೂ ಚೆನ್ನಾಗಿಯೇ ಇದ್ದವು. ಅದೇ ತಿಂಗಳ ಕೊನೆಯಲ್ಲಿ ಅದಕ್ಕೆ ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್ 19.3ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿದೆ. ಅಂದಿನಿಂದ ನನ್ನ ಬರವಣಿಗೆ, ಇಮೇಲ್, ಬ್ಯಾಂಕಿನ ವ್ಯವಹಾರ ಎಲ್ಲವೂ ಇದರಲ್ಲೇ ನಡೆಯುತ್ತಿವೆ. ಈ ಆರು ವರ್ಷಗಳ ಬಳಕೆಯನ್ನು ಮುಖ್ಯವಾಗಿ ಭದ್ರತೆಯ ದೃಷ್ಟಿಯಿಂದ ಇಲ್ಲಿ ಬರೆದಿದ್ದೇನೆ. ಅಂದಚಂದದ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಒಳ್ಳೆಯ ಆಂಟಿವೈರಸ್ ಹಾಕಿಕೊಂಡು ಹಳೆಯ ವಿಂಡೋಸ್‌ನಲ್ಲೇ ಮುಂದುವರಿಯಬಹುದಿತ್ತಲ್ಲ ಎಂದು ಹಲವರು ಕೇಳಿದ್ದಾರೆ. ಮೊದಲು ನನ್ನ ಯೋಚನೆಯೂ ಅದೇ ಆಗಿತ್ತು. ಆದರೆ ಆಂಟಿವೈರಸ್ ಮಾಡುವ ಕೆಲಸವೇ ಬೇರೆ, ಭದ್ರತಾ ಅಪ್‌ಡೇಟ್ ಮಾಡುವ ಕೆಲಸವೇ ಬೇರೆ. ಆಂಟಿವೈರಸ್ ಒಳಗೆ ಬಂದ ಕೇಡಿನ ಕಡತವನ್ನು ಗುರುತಿಸಲು ನೋಡುತ್ತದೆ. ಅಪ್‌ಡೇಟ್ ಆ ಕಡತ ಒಳಬರಲು ಬಳಸುವ ಲೋಪವನ್ನೇ ಸರಿಪಡಿಸುತ್ತದೆ. 2017ರ ಮೇ ತಿಂಗಳಲ್ಲಿ ಹಬ್ಬಿದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ತಂತ್ರಾಂಶವಾದ ವನ್ನಾಕ್ರೈನ ದಾಳಿಯನ್ನು ನೆನಪಿಸಿಕೊಂಡರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಯಾರೂ ಯಾವ ಲಿಂಕನ್ನೂ ಒತ್ತದಿದ್ದರೂ, ಕಡತ ಹಂಚಿಕೆಯ ಹಳೆಯ ಎಸ್‌ಎಂಬಿ ವ್ಯವಸ್ಥೆಯಲ್ಲಿದ್ದ ಲೋಪದ ಮೂಲಕ ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿಯೇ ಹರಡಿತು. ಆ ಲೋಪಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ ಅಪ್‌ಡೇಟ್ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳೇ ಹೆಚ್ಚಾಗಿ ಸಿಕ್ಕಿಬಿದ್ದವು. 2014ರಲ್ಲೇ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಆ ಸಂದರ್ಭದಲ್ಲಿ ತುರ್ತಾಗಿ ಅಪ್‌ಡೇಟ್ ಬಂತು ನಿಜ, ಆದರೆ ಅದು ಅಪರೂಪದ ಅಪವಾದ. ಅಂಥದ್ದನ್ನು ನೆಚ್ಚಿಕೊಂಡು ಕೂರಲಾಗದು.

ಬೆಂಬಲ ನಿಂತ ವ್ಯವಸ್ಥೆಯ ಅಪಾಯ ದಿನ ಕಳೆದಂತೆ ಹೆಚ್ಚುತ್ತಲೇ ಹೋಗುತ್ತದೆ ಎಂಬುದನ್ನೂ ಗಮನಿಸಬೇಕು. ವಿಂಡೋಸ್‌ನ ಹೊಸ ಆವೃತ್ತಿಗಳಲ್ಲಿ ಹಳೆಯದರ ಕೋಡ್ ಸಾಕಷ್ಟು ಉಳಿದಿರುತ್ತದೆ. ತಿಂಗಳ ಎರಡನೇ ಮಂಗಳವಾರ ಹೊಸ ಆವೃತ್ತಿಗೆ ಅಪ್‌ಡೇಟ್ ಬಂದಾಗ, ಅದರಲ್ಲಿ ಏನು ಬದಲಾಯಿತು ಎಂದು ಹೋಲಿಸಿ ನೋಡಬಲ್ಲವನಿಗೆ ಹಳೆಯ ಆವೃತ್ತಿಯಲ್ಲಿ ಮುಚ್ಚದೆ ಉಳಿದ ಲೋಪ ಎಲ್ಲಿದೆ ಎಂಬುದೂ ತಿಳಿದುಬಿಡುತ್ತದೆ. ಬ್ರೌಸರ್ ಕೂಡ ಹೆಚ್ಚು ಕಾಲ ಜೊತೆಗಿರುವುದಿಲ್ಲ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಕ್ರೋಮ್ 109ನೇ ಆವೃತ್ತಿ. ಅದು ಬಂದದ್ದು 2023ರ ಜನವರಿಯಲ್ಲಿ.

ಮಿಂಟ್ ಹಾಕುವ ಮೊದಲು ನಾನು ಬಿಡದೆ ಮಾಡಿದ ಒಂದು ಕೆಲಸವೆಂದರೆ ಇಳಿಸಿಕೊಂಡ ಐಎಸ್‌ಒ ಕಡತದ (ಇಡೀ ವ್ಯವಸ್ಥೆ ಅಡಕವಾಗಿರುವ ಸ್ಥಾಪನಾ ಕಡತ) ಎಸ್‌ಎಚ್‌ಎ256 ಮೊತ್ತವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ, ಬೆರಳಚ್ಚಿನಂಥ ಸಂಖ್ಯೆ) ತಂಡದ ಡಿಜಿಟಲ್ ಸಹಿಯನ್ನೂ ತಾಳೆ ನೋಡಿದ್ದು. ಇದು ಅತಿಯಾದ ಎಚ್ಚರಿಕೆಯಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ದಾಳಿಕೋರರು ನುಗ್ಗಿ, 17.3 ಸಿನಮನ್ ಆವೃತ್ತಿಯನ್ನು ಇಳಿಸಿಕೊಳ್ಳಲು ಬಂದವರಿಗೆ ಹಿಂಬಾಗಿಲು (ದಾಳಿಕೋರರು ಗುಟ್ಟಾಗಿ ಒಳಬರುವ ದಾರಿ) ಅಡಗಿಸಿಟ್ಟ ಐಎಸ್‌ಒ ಸಿಗುವಂತೆ ಮಾಡಿದ್ದರು. ತಂಡ ಅದನ್ನು ಕೂಡಲೇ ಬಹಿರಂಗವಾಗಿ ತಿಳಿಸಿತು, ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು. ಆದರೂ ಭದ್ರತೆಗಾಗಿ ಹೊಸ ವ್ಯವಸ್ಥೆಗೆ ಹೋಗುವವರು ಹತ್ತು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟರೆ ಹೊರಟ ಉದ್ದೇಶವೇ ಕೆಡುತ್ತದೆ.

ಹಾಕುವಾಗಲೇ ಇಡೀ ಡಿಸ್ಕನ್ನು ಗೂಢಲಿಪಿಗೊಳಿಸುವ ಆಯ್ಕೆ ಸಿಗುತ್ತದೆ. ನಾನು ಅದನ್ನು ಆರಿಸಿಕೊಂಡೆ. ನನ್ನ ಪ್ರೊಸೆಸರ್‌ನಲ್ಲಿ ಎಇಎಸ್ ಎಂಬ ಗೂಢಲಿಪಿ ವಿಧಾನದ ಲೆಕ್ಕಕ್ಕೆ ಪ್ರತ್ಯೇಕ ಸೂಚನೆಗಳಿರುವುದರಿಂದ ವೇಗದಲ್ಲಿ ಕೊರತೆ ಕಂಡಿಲ್ಲ. ರ‍್ಯಾಮನ್ನು 8 ಜಿಬಿಗೆ ಏರಿಸಿ, ಹಳೆಯ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದ ಮೇಲೆ ಯಂತ್ರ ಕೊಂಡಾಗಿನದಕ್ಕಿಂತ ಚುರುಕಾಗಿದೆ. ವೈಫೈ ಮಾತ್ರ ಮೊದಲ ದಿನ ಕೆಲಸ ಮಾಡಲಿಲ್ಲ. ತಂತಿಯ ಸಂಪರ್ಕ ಕೊಟ್ಟು ಡ್ರೈವರ್ ಮ್ಯಾನೇಜರ್ ಮೂಲಕ ಅದರ ಡ್ರೈವರ್ ಹಾಕಬೇಕಾಯಿತು.

ಮಿಂಟ್ ಹಾಕಿದ ಮಾತ್ರಕ್ಕೆ ಯಂತ್ರ ಸುರಕ್ಷಿತವಾಯಿತು ಎಂದು ತಿಳಿಯುವುದು ತಪ್ಪು. ಹೊರಗಿನ ಅನಗತ್ಯ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಒಳಗೇ ಬಂದಿರುತ್ತದೆ, ಆದರೆ ಅದನ್ನು ನಾವೇ ಆನ್ ಮಾಡಬೇಕು. ಅಪ್‌ಡೇಟ್ ಮ್ಯಾನೇಜರ್ ಹೊಸ ಅಪ್‌ಡೇಟ್‌ಗಳಿವೆ ಎಂದು ತಿಳಿಸುತ್ತದೆ, ಅವು ತಾವಾಗಿಯೇ ಸ್ಥಾಪನೆಯಾಗಬೇಕಾದರೆ ಅದರ ಆಯ್ಕೆಗಳಲ್ಲಿ ಆಟೊಮೇಶನ್ ಭಾಗಕ್ಕೆ ಹೋಗಿ ನಾವೇ ಒಪ್ಪಿಗೆ ಕೊಡಬೇಕು. ಹೊಸಬರು ಹೆಚ್ಚಾಗಿ ಬಳಸುವ ವ್ಯವಸ್ಥೆಯಲ್ಲಿ ಇವೆರಡೂ ಮೊದಲಿಂದಲೇ ಆನ್ ಆಗಿರಬೇಕಿತ್ತು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಈ ವಿಮರ್ಶೆಯಲ್ಲಿ ನಾನು ಅಂಕ ಕಳೆಯುವ ಮುಖ್ಯ ಜಾಗವೂ ಇದೇ.

ಇದಕ್ಕೆ ಕಾರಣವಿದೆ. ಮಿಂಟ್‌ನ ಪ್ರತಿಯೊಂದು ಮುಖ್ಯ ಆವೃತ್ತಿಗೂ ಬೆಂಬಲದ ಕೊನೆಯ ದಿನ ಗೊತ್ತಾಗಿರುತ್ತದೆ: ಸುಮಾರು ಐದು ವರ್ಷ, ಅಷ್ಟೆ. ವಿಂಡೋಸ್ 7 ಬಿಟ್ಟು ಬಂದವರು ಮಿಂಟ್‌ನ ಹಳೆಯ ಆವೃತ್ತಿಯಲ್ಲೇ ನಿಂತರೆ ಅವರ ಸ್ಥಿತಿ ಮೊದಲಿನಂತೆಯೇ ಆಗುತ್ತದೆ. 2021ರಲ್ಲಿ ಮಿಂಟ್ ತಂಡವೇ ಈ ಬಗ್ಗೆ ಬಳಕೆದಾರರಿಗೆ ಬಹಿರಂಗ ಎಚ್ಚರಿಕೆ ಕೊಟ್ಟಿತು. 2019ರ ಏಪ್ರಿಲ್‌ನಲ್ಲೇ ಬೆಂಬಲ ಮುಗಿದಿದ್ದ 17ರ ಸರಣಿಯನ್ನು ಇನ್ನೂ ಬಳಸುತ್ತಿದ್ದವರು ಆಗಲೂ ಇದ್ದರು. ನಾನು ಹಾಕಿಕೊಂಡ 19.3ರ ಬೆಂಬಲ 2023ರ ಏಪ್ರಿಲ್‌ಗೆ ಮುಗಿಯಿತು. ಅಷ್ಟರಲ್ಲಿ ನಾನು 20ಕ್ಕೂ ಅಲ್ಲಿಂದ 21ಕ್ಕೂ ಹೋಗಿಯಾಗಿತ್ತು. ಈಗ 22ರಲ್ಲಿದ್ದೇನೆ, ಇದಕ್ಕೆ 2029ರವರೆಗೆ ಬೆಂಬಲವಿದೆ.

ಹೊಸ ಆವೃತ್ತಿಗೆ ಹೋದ ಈ ಮೂರು ಬಡ್ತಿಗಳೂ ಒಂದೇ ರೀತಿ ನಡೆಯಲಿಲ್ಲ. ಮೊದಲನೆಯದನ್ನು ಮಿಂಟ್‌ನ ಬಡ್ತಿ ಸಾಧನದಿಂದ, ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ಟೈಪ್ ಮಾಡಿ ನಡೆಸಬೇಕಾಗಿತ್ತು, ಕಂಪ್ಯೂಟರಿನ ಒಳಹೊರಗು ತಿಳಿಯದವರಿಗೆ ಅದು ಭಯ ಹುಟ್ಟಿಸುವಂಥದ್ದೇ. 21ಕ್ಕೆ ಹೋಗುವ ಹೊತ್ತಿಗೆ ಅದೇ ಸಾಧನ ಗುಂಡಿಗಳಿರುವ ಕಿಟಕಿಯಾಗಿ ಬದಲಾಗಿತ್ತು. ಆಗಲೇ ನಾನೊಂದು ತಪ್ಪು ಮಾಡಿದೆ. ಮಿಂಟ್‌ನ ತಂತ್ರಾಂಶ ಭಂಡಾರದಲ್ಲಿಲ್ಲದ ಪ್ಯಾಕೇಜುಗಳ ಪಟ್ಟಿಯೊಂದನ್ನು ತೋರಿಸಿ, ಯಾವುದನ್ನು ಉಳಿಸಬೇಕು ಎಂದು ಅದು ಕೇಳಿದಾಗ ನಾನು ಓದದೆ ಮುಂದೆ ಹೋದೆ. ಪ್ರಿಂಟರಿಗೆಂದು ಬೇರೆ ಕಡೆಯಿಂದ ಹಾಕಿಕೊಂಡಿದ್ದ ಡ್ರೈವರ್ ಅಳಿದುಹೋಯಿತು. ಬಡ್ತಿಗೆ ಮುನ್ನ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ಸಾಧನದಲ್ಲಿ ತೆಗೆದಿಟ್ಟ ಪ್ರತಿಯಿಂದ ಹಿಂದಕ್ಕೆ ಹೋಗಿ, ಎರಡನೇ ಸಲ ಪಟ್ಟಿಯನ್ನು ಓದಿ ಮುಗಿಸಿದೆ. ಟೈಮ್‌ಶಿಫ್ಟ್ ಸಾಮಾನ್ಯವಾಗಿ ಉಳಿಸುವುದು ವ್ಯವಸ್ಥೆಯ ಕಡತಗಳನ್ನೇ ಹೊರತು ನಮ್ಮ ಬರಹ, ಚಿತ್ರಗಳನ್ನಲ್ಲ. ಅವುಗಳಿಗೆ ಬೇರೆ ಬ್ಯಾಕಪ್ ಬೇಕೇ ಬೇಕು. ನಾನು ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ನಕಲು ಮಾಡಿ ಅದನ್ನು ಬಿಚ್ಚಿಡುತ್ತೇನೆ. ಸದಾ ಜೋಡಿಸಿಯೇ ಇಟ್ಟ ಡಿಸ್ಕು ಸುಲಿಗೆ ತಂತ್ರಾಂಶದ ದಾಳಿಯಾದರೆ ಮೂಲದ ಜೊತೆಗೇ ಹಾಳಾಗುತ್ತದೆ.

ಯಾವ ಆಪರೇಟಿಂಗ್ ಸಿಸ್ಟಮ್ ಬದಲಿಸಿದರೂ ಪೂರ್ತಿ ಸರಿಹೋಗದ ಒಂದು ಪದರ ಕೆಳಗಿದೆ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿ ಇದರ ಬಯಾಸ್‌ಗೆ (ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಕೊಡುವುದನ್ನು ಎಂದೋ ನಿಲ್ಲಿಸಿತು. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ಲೋಪಗಳು ಬಯಲಾದ ಮೇಲೆ ಇಂಟೆಲ್ ನನ್ನ ಪ್ರೊಸೆಸರಿನ ತಲೆಮಾರಿಗೂ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳ ತಿದ್ದುಪಡಿ) ಬಿಡುಗಡೆ ಮಾಡಿತ್ತು. ಬಯಾಸ್ ಮೂಲಕ ಅದು ನನಗೆ ಸಿಗಲಿಲ್ಲ, ಲಿನಕ್ಸ್ ಅದನ್ನು ಪ್ರತಿ ಸಲ ಯಂತ್ರ ಏಳುವಾಗ ತಾನೇ ತುಂಬುತ್ತದೆ, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೂ ತಕ್ಕ ರಕ್ಷಣೆಗಳಿವೆ. ಇದು ದೊಡ್ಡ ಅನುಕೂಲ. ಆದರೆ ಇಷ್ಟು ಹಳೆಯ ಪ್ರೊಸೆಸರಿಗೆ ಇಂಟೆಲ್ ಹೊಸ ಮೈಕ್ರೋಕೋಡ್ ಕೊಡುವುದನ್ನೂ ನಿಲ್ಲಿಸಿದೆ. ಹೀಗಾಗಿ ತೀರಾ ಗೋಪ್ಯವಾದ ದಾಖಲೆಗಳ ಕೆಲಸಕ್ಕೆ ಈ ಯಂತ್ರವನ್ನು ನಾನು ಶಿಫಾರಸು ಮಾಡುವುದಿಲ್ಲ.

ವಿಂಡೋಸ್ 7ನ್ನು ನಾನು ಪೂರ್ತಿ ಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಲೆಕ್ಕದ ತಂತ್ರಾಂಶವೊಂದು ಅದರಲ್ಲಿ ಮಾತ್ರ ನಡೆಯುತ್ತದೆ. ಅದಕ್ಕಾಗಿ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್‌ನೊಳಗೆ ವಿಂಡೋಸ್ 7 ಇಟ್ಟು, ಅದರ ನೆಟ್‌ವರ್ಕ್ ಅಡಾಪ್ಟರನ್ನು ಪೂರ್ತಿ ತೆಗೆದುಹಾಕಿದ್ದೇನೆ. ಅಂತರ್ಜಾಲದ ದಾರಿಯೇ ಇಲ್ಲದ ಹಳೆಯ ವ್ಯವಸ್ಥೆ ಹೀಗೆ ಸೀಮಿತ ಕೆಲಸಕ್ಕೆ ಬರುತ್ತದೆ, ಪೆನ್‌ಡ್ರೈವ್ ಒಂದರ ಬಗ್ಗೆ ಎಚ್ಚರವಿರಬೇಕು.

ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. ಅದರ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು, ಪ್ರೊಸೆಸರ್ ಹಳೆಯದಾದ್ದರಿಂದ ವಿಂಡೋಸ್ 11ಕ್ಕೆ ಅರ್ಹತೆಯಿಲ್ಲ. ಆಕೆಯ ಕಚೇರಿ ಕೆಲಸಕ್ಕೆ ವಿಂಡೋಸ್ ಬೇಕೇ ಬೇಕು, ಆದ್ದರಿಂದ ಮೈಕ್ರೋಸಾಫ್ಟ್‌ನ ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿಕೊಟ್ಟೆ. ಅದು ಆಕೆಗೆ 2026ರ ಅಕ್ಟೋಬರ್ 13ರವರೆಗೆ ಸಮಯ ಕೊಟ್ಟಿದೆ, ಆ ಅವಧಿಯಲ್ಲಿ ಬೇರೆ ಯಂತ್ರದ ವ್ಯವಸ್ಥೆ ಆಗಬೇಕು. ವಿಂಡೋಸ್‌ನ ಆಂಟಿವೈರಸ್ ಆದ ಡಿಫೆಂಡರ್‌ನ ವೈರಸ್ ಗುರುತಿನ ಮಾಹಿತಿ 2028ರ ಅಕ್ಟೋಬರ್‌ವರೆಗೂ ಬರುತ್ತದೆಂದು ಆಕೆ ನಿರಾಳವಾಗಿದ್ದಳು. ಅದು ವ್ಯವಸ್ಥೆಯ ಲೋಪಗಳನ್ನು ಮುಚ್ಚುವುದಿಲ್ಲ ಎಂದು ಬಿಡಿಸಿ ಹೇಳಬೇಕಾಯಿತು.

ಬ್ರೌಸರ್, ಇಮೇಲ್, ಬರವಣಿಗೆ, ಬ್ಯಾಂಕಿಂಗ್ ಇಷ್ಟೇ ಬೇಕಾದವರಿಗೆ, 64 ಬಿಟ್ ಪ್ರೊಸೆಸರೂ ಕನಿಷ್ಠ 4 ಜಿಬಿ ರ‍್ಯಾಮೂ ಇರುವ ಯಂತ್ರಕ್ಕೆ, ಮಿಂಟ್ ಎಕ್ಸ್‌ಎಫ್‌ಸಿಇಯನ್ನು ನಾನು ಧಾರಾಳವಾಗಿ ಸೂಚಿಸುತ್ತೇನೆ. ಐದರಲ್ಲಿ ನಾಲ್ಕು ಅಂಕ. 32 ಬಿಟ್ ಯಂತ್ರಗಳಿಗೆ ಮಿಂಟ್ 20ರಿಂದಲೇ ಬಾಗಿಲು ಮುಚ್ಚಿದೆ, ಇನ್ನೊಂದು ಲಿನಕ್ಸ್ ವ್ಯವಸ್ಥೆಯಾದ ಡೆಬಿಯನ್ 13 ಕೂಡ ಅವುಗಳಿಗೆ ಇನ್‌ಸ್ಟಾಲರ್ ಕೊಡುವುದಿಲ್ಲ. ವಿಂಡೋಸ್‌ನಲ್ಲೇ ನಡೆಯುವ ತಂತ್ರಾಂಶಗಳನ್ನು ದಿನವಿಡೀ ಬಳಸುವವರು, ಅಪ್‌ಡೇಟ್ ಸೂಚನೆಗಳನ್ನು ಮುಂದೂಡುತ್ತಲೇ ಹೋಗುವವರು ಇದಕ್ಕೆ ಬರಬಾರದು. ಮನೆಯ ಹಿರಿಯರಿಗೆ ಹಾಕಿಕೊಡುವುದಾದರೆ ಆಟೊಮೇಶನ್ ಆನ್ ಮಾಡಿ, ಫೈರ್‌ವಾಲ್ ಆನ್ ಮಾಡಿ, ಆಮೇಲೆ ಯಂತ್ರವನ್ನು ಅವರ ಕೈಗೆ ಕೊಡಿ.